ನೆಲದಡಿಯ ನೆಂಟಸ್ತಿಕೆ

ನಮ್ಮ ಸೋದರ ಮಾವನಿಗೆ ಭೂಮಿಯ ಮೇಲೆ ನೆಂಟರೇ ಇರಲಿಲ್ಲ! ಇದ್ದವರೆಲ್ಲ ನೆಲದ ಕೆಳಗೆ, ಅದೂ ಸಮುದ್ರದ ತಳಕ್ಕಿಂತ ಎಷ್ಟೋ ಕೆಳಗೆ. ಹೀಗೆಂದ ಕೂಡಲೇ ಪಾಪ, ಅನಾಥನೇನೋ ಎಂದು ಮರುಗಬೇಡಿ. ಅಂಕೋಲೆಯಿಂದ ಕಾರವಾರದವರೆಗೆ ಯಾವ ಸ್ಟಾಪಿನಲ್ಲಿ ಬಸ್ಸಿಳಿದರೂ ಅವನಿಗೊಬ್ಬ ಭಾವನೋ ಒಬ್ಬಳು ಅತ್ತೆಯೋ ಸಿಗದೇ ಇರುತ್ತಿರಲಿಲ್ಲ. ಸಿಕ್ಕವರು ಯಾರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಒಂದು ಮದುವೆಮನೆಯ ಪಂಕ್ತಿಯಲ್ಲಿ ಅನ್ನ ಬಡಿಸಲು ಬಂದ ಸ್ವಂತ ಚಿಕ್ಕಮ್ಮನನ್ನು ಬಹಳ ವಿನಯದಿಂದ, "ಅಕ್ಕೋರೆ, ನಿಮ್ದು ಯಾವೂರಾಯ್ತು?" ಎಂದು ಕೇಳಿದ್ದ. ಆಕೆ ಸೌಟನ್ನು ಅವನ ಮೂಗಿನ ಮುಂದೆ ಹಿಡಿದು, "ನಿನ್ನ ತೊಟ್ಲು ತೂಗಿದ ಊರು!" ಎಂದು ಮುಂದಿನ ಎಲೆಗೆ ಹೋದಳು. ಅವನ ಎಲೆಗೆ ಅನ್ನ ಬೀಳಲೇ ಇಲ್ಲ.

ಎಣ್ಣೆ ಹುಡುಕುವ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ. ಮುಂಬಯಿ ಕಡೆಯ ಸಮುದ್ರದಲ್ಲಿ ಅವರು ಬಾವಿ ಕೊರೆಯುತ್ತಿದ್ದರು. ನೀರಿನ ನಡುವೆ ಬಾವಿ! ಇದನ್ನು ಕೇಳಿದ ದಿನವೇ ಅವನ ಅಕ್ಕ, ಅಂದರೆ ನಮ್ಮ ಅವ್ವಿ, "ತಮ್ಮ, ನಿಂಗೆ ಸಂಬಳ ಕೊಡೂದು ಖರೇನಾ?" ಎಂದು ವಿಚಾರಿಸಿದ್ದಳಂತೆ. ಕೋಟ್ಯಂತರ ವರ್ಷಗಳ ಹಿಂದೆ ಹೊಳೆಗಳು ತಂದು ಸುರಿದ ಕೆಸರು, ಮರಳು, ಸತ್ತ ಚಿಪ್ಪುಗಳೆಲ್ಲ ಒಂದರ ಮೇಲೊಂದು ಕೂತು ಕಲ್ಲಾಗಿರುತ್ತವೆ. ಈ ಬಾವಿಯಲ್ಲಿ ಕಂಡ ಪದರವೂ ದೂರದ ಇನ್ನೊಂದು ಬಾವಿಯಲ್ಲಿ ಕಂಡ ಪದರವೂ ಒಂದೇ ತಾಯಿಯ ಮಕ್ಕಳೋ, ದಾಯಾದಿಗಳೋ, ಅಥವಾ ಸುಮ್ಮನೆ ಒಂದೇ ಬಣ್ಣದ ಅಂಗಿ ತೊಟ್ಟ ಪರಕೀಯರೋ ಎಂದು ವಿಂಗಡಿಸಬೇಕು. ಸಂಬಂಧ ಇದ್ದವನ್ನು ಒಂದೊಂದು ಮನೆತನವಾಗಿ ಗುಂಪು ಮಾಡಬೇಕು. ಇದು ಮಾವನ ಉದ್ಯೋಗ. ಮೇಲಿನ ಚಿಕ್ಕಮ್ಮ ಗೊತ್ತಿಲ್ಲದ ಮನುಷ್ಯನಿಗೆ ಕೆಳಗಿನ ಸುಣ್ಣಕಲ್ಲಿನ ಮುತ್ತಜ್ಜಿ ಕಂಠಪಾಠ!

ರಜೆಗೆ ಬರುವಾಗಲೂ ಅವನು ಕೆಲಸ ಬಿಟ್ಟು ಬರುತ್ತಿರಲಿಲ್ಲ. ಬಾವಿಯೊಳಗೆ ತಂತಿ ಇಳಿಸಿ ಯಂತ್ರದಿಂದ ಬರೆಸಿದ ಅಂಕುಡೊಂಕು ಗೆರೆಗಳ ಉದ್ದುದ್ದ ಕಾಗದದ ಸುರುಳಿಗಳನ್ನು ಹೊತ್ತು ತಂದು, ಅಂಕೋಲೆಯ ಮಂಜಗುಣಿ ಹಾದಿಯ ನಮ್ಮ ಮನೆಯ ಜಗಲಿಯ ತುಂಬ ಹಾಸುತ್ತಿದ್ದ. ಮೂಲೆ ಹಾರದಂತೆ ನಾಲ್ಕು ಕಡೆ ತೆಂಗಿನಕಾಯಿ. ಬೋರಲು ಮಲಗಿ, ಬಣ್ಣದ ಪೆನ್ಸಿಲ್ಲಿನಿಂದ ಈ ಸುರುಳಿಯ ಒಂದು ಡೊಂಕನ್ನು ಆ ಸುರುಳಿಯ ಇನ್ನೊಂದು ಡೊಂಕಿಗೆ ಗೆರೆ ಎಳೆದು ಸೇರಿಸುತ್ತಿದ್ದ. ಆ ದಿನಗಳಲ್ಲಿ ನಮ್ಮ ಮನೆಗೆ ಬಂದವರೆಲ್ಲ ಅಂಗಳದಲ್ಲೇ ನಿಲ್ಲಬೇಕು. ಪಕ್ಕದ ಮನೆಯಾಕೆ ಒಮ್ಮೆ ನಿಂತು ನೋಡಿ ನೋಡಿ ಕೇಳಿದಳು:

"ಯಾರ ಜಾತಕ ಇದು?"

"ಬಾವೀದು," ಎಂದ ಮಾವ ತಲೆ ಎತ್ತದೆ.

"ಬಾವಿಗೂ ಜಾತಕ ಇರ್ತದಾ?"

"ಎರಡು ಬಾವಿಗೆ ಸಂಬಂಧ ಕೂಡ್ತದೋ ನೋಡ್ತಾ ಇದ್ದೆ."

ಮರುದಿನ ಆಕೆ ತನ್ನ ಮಗಳ ಜಾತಕ ಹಿಡಿದು ಬಂದಳು! ಬಾವಿಗೇ ಗಂಡು ಹುಡುಕುವವನಿಗೆ ಮನುಷ್ಯರದು ಯಾವ ಲೆಕ್ಕ ಎಂದು ಅವಳ ಎಣಿಕೆ. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದ್ರಲ್ಲಿ ಆಳ ಎಷ್ಟು ಅಂತ ಬರೀಲಿಲ್ವಲ?" ಎಂದು ಮರಳಿಸಿದ.

ಊಟಕ್ಕೆ ಕೂತರೂ ಇದೇ ಕಥೆ. ಅವ್ವಿ ಪತ್ರೊಡೆ ಮಾಡಿದ ದಿನ ಅವನ ತಟ್ಟೆಗೆ ಬಡಿಸುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ಕೆಸುವಿನೆಲೆ, ಹಿಟ್ಟು, ಮತ್ತೆ ಎಲೆ, ಮತ್ತೆ ಹಿಟ್ಟು ಸುತ್ತಿದ ಆ ಹೋಳುಗಳನ್ನು ಸಾಲಾಗಿ ಇಟ್ಟುಕೊಂಡು, ಒಂದರ ಗೆರೆ ಇನ್ನೊಂದರದಕ್ಕೆ ಹೊಂದುತ್ತದೋ ಎಂದು ಬಗ್ಗಿ ನೋಡುತ್ತಿದ್ದ.

"ಅಕ್ಕ, ಈ ಹೋಳಲ್ಲಿ ಮೇಲಿಂದ ಮೂರ್ನೇ ಪದರವೇ ಇಲ್ಲ. ಸವೆದು ಹೋಗ್ಯದೆ. ಇಲ್ಲೊಂದು ದೊಡ್ಡ ಕಾಲ ಕಳೆದು ಹೋಗ್ಯದೆ!"

"ಕಾಲ ಅಲ್ಲ, ಹಿಟ್ಟು ಖರ್ಚಾದದ್ದು. ತಿನ್ನು ಸುಮ್ಮನೆ!"

ಒಂದು ಸಂಗತಿಯನ್ನು ಮಾತ್ರ ಅವನು ಬಹಳ ಗಂಭೀರವಾಗಿ ಹೇಳುತ್ತಿದ್ದ. ಪದರಗಳನ್ನು ಬಣ್ಣ ನೋಡಿ ಜೋಡಿಸಬಾರದು, ಹಳಬರು ಇಟ್ಟ ಹೆಸರು ನೋಡಿ ಅಂತೂ ಜೋಡಿಸಲೇಬಾರದು. ಅದರೊಳಗೆ ಸತ್ತು ಬಿದ್ದು ಕಲ್ಲಾದ ಜೀವಿ ಯಾವುದು ಎಂದು ನೋಡಬೇಕು. ಬಣ್ಣ ಮೋಸ ಮಾಡೀತು, ಹೆಸರು ಮೋಸ ಮಾಡೀತು, ಚಿಪ್ಪು ಮೋಸ ಮಾಡುವುದಿಲ್ಲ. ಈ ಮಾತಿಗಾಗಿ ಮೇಲಧಿಕಾರಿಯೊಡನೆ ಜಗಳಾಡಿ ಗೆದ್ದಿದ್ದನಂತೆ. ನಾವು ಹೂಂಗುಟ್ಟುತ್ತಿದ್ದೆವು. ಸಮುದ್ರದಡಿಯ ಚಿಪ್ಪಿನಿಂದ ನಮಗೇನಾಗಬೇಕು?

ಅವನಿಗೆ ಒಂದೇ ಕೊರಗು: ನಮ್ಮೂರಲ್ಲಿ ಪದರಗಳೇ ಇಲ್ಲ. ತೊಂಬತ್ತರ ದಶಕದ ಮೊದಲಿಗೆ ರೈಲುಹಾದಿಗೆಂದು ಅಂಕೋಲೆಯ ಸುತ್ತ ಗುಡ್ಡ ಕಡಿಯತೊಡಗಿದಾಗ ಸೈಕಲ್ ಹತ್ತಿ ಆಸೆಯಿಂದ ನೋಡಲು ಹೋದವನು, ಸಾವಿನ ಮನೆಯಿಂದ ಬಂದವರ ಮುಖ ಮಾಡಿಕೊಂಡು ತಿರುಗಿ ಬಂದ. "ಎಲ್ಲ ಬೆಂದು, ಮುದ್ದೆಯಾದ ಕಲ್ಲು. ಯಾರಿಗೆ ಯಾರೂ ಸಂಬಂಧ ಇಲ್ಲ," ಎಂದು ಸ್ನಾನಕ್ಕೆ ಹೋದ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನಾಗ ಕಾರವಾರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನಾ ಅಂಕೋಲೆಯಿಂದ ಬಸ್ಸು. ಕಾರವಾರದ ಮೀನುಬಂದರಾದ ಬೈತಖೋಲದ ಒಂದು ಐಸ್ ಫ್ಯಾಕ್ಟರಿಯಿಂದ ಒಬ್ಬ ಗುಮಾಸ್ತ ಹುಬ್ಬಳ್ಳಿಗೂ ಮಡಗಾಂವಿಗೂ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ. ಮೀನಿನ ವ್ಯಾಪಾರದವರು ಎಲ್ಲರೂ 'ಅರ್ಜೆಂಟ್' ಎನ್ನುತ್ತಾರೆ, ಮೀನು ಕಾಯುವುದಿಲ್ಲವಲ್ಲ. ಈ ಮಹಾಶಯ ಮಾತ್ರ ಯಾವಾಗಲೂ 'ಆರ್ಡಿನರಿ'! ಕಾಲ್ ಸಿಗಲು ಅರ್ಧ ದಿನ ಬೇಕು, ಅಷ್ಟು ಹೊತ್ತೂ ನಡುನಡುವೆ ಫೋನ್ ಮಾಡಿ, "ಲೈನ್ ಸಿಕ್ತಾ ಮೇಡಂ?" ಎಂದು ಕೇಳಬಹುದಲ್ಲ, ಅದಕ್ಕೆ. ಅವನ ಸಾಹುಕಾರರ ಎಷ್ಟು ಬಂಗಡೆ ಈ ಪ್ರೇಮಕ್ಕೆ ಬಲಿಯಾಯಿತೋ ದೇವರೇ ಬಲ್ಲ. ಕಡೆಗೊಂದು ದಿನ ಲೈನಿನಲ್ಲೇ, "ನಮ್ಮ ಅಪ್ಪನ್ನ ನಿಮ್ಮ ಮನೆಗೆ ಕಳಿಸ್ಲಾ?" ಎಂದ. ನಾನು, "ಅದು ಅರ್ಜೆಂಟಾ, ಆರ್ಡಿನರಿಯಾ?" ಎಂದು ಕೇಳಿದೆ. "ಅರ್ಜೆಂಟ್," ಎಂದ. ಈ ಸಂಭಾಷಣೆ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಅವನ ಮನೆ ಕಾಳಿ ಹೊಳೆಯ ಆಚೆ ದಡದ ಚಿತ್ತಾಕುಲದಲ್ಲಿ. ನಮ್ಮ ಜನವೇ; ಆದರೆ ಆ ಕಡೆಯವರಿಗೆ ಮನೆಮಾತಾಗಿ ಕೊಂಕಣಿಯೂ ಬೆರೆತಿತ್ತು. ಅವನ ಅಪ್ಪ ಬಂದರು, ಒಳ್ಳೆಯ ಮಾತಾಡಿದರು, ಚಹಾ ಬಂತು. ಆಗ ನಮ್ಮ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಕೇಳಬೇಕಾದ್ದನ್ನು ಕೇಳಿದರು.

"ನಿಮ್ದು ಬಳಿ ಯಾವ್ದು?"

ಬಳಿಯೆಂದರೆ ನಮ್ಮಲ್ಲಿ ಗೋತ್ರ ಇದ್ದ ಹಾಗೆ. ಒಂದೊಂದು ಬಳಿಗೆ ಒಂದು ಪ್ರಾಣಿಯೋ ಗಿಡವೋ ಮೂಲ. ಅದನ್ನು ಕೊಲ್ಲುವಂತಿಲ್ಲ, ತಿನ್ನುವಂತಿಲ್ಲ. ಒಂದೇ ಬಳಿಯವರು ಅಣ್ಣತಂಗಿಯರು, ಮದುವೆಯ ಮಾತೇ ಇಲ್ಲ. ನಮ್ಮದು ಕಡವೆ ಬಳಿ. ನಮ್ಮಲ್ಲಿ ಯಾರೂ ಕಡವೆಯನ್ನು ಕಣ್ಣಾರೆ ಕಂಡವರಲ್ಲ, ಆದರೂ ಅದು ನಮಗೆ ದೇವರು.

"ನಮ್ದು ಕಡವೆ ಬಳಿ," ಎಂದರು ಹುಡುಗನ ಅಪ್ಪ. "ಅಜ್ಜನ ಕಾಲದಿಂದ್ಲೂ ಹಾಗೇ ಹೇಳ್ಕಂಡ್ ಬಂದದ್ದು."

ದೊಡ್ಡಪ್ಪನ ಕೈಯ ಬಸಿ ಟಣ್ಣೆಂದಿತು. "ಹಾಗಾದ್ರೆ ನಿಮ್ಮ ಹುಡ್ಗ ಇವಳಿಗೆ ಅಣ್ಣ ಆದ!"

ಮುಗಿಯಿತು. ಹೆಣ್ಣು ಕೇಳಲು ಬಂದವರು ನೆಂಟರಾಗಿ ಹೋದರು! ಊರಿಗೆಲ್ಲ ನಗೆ. ಮರುದಿನ ಎಕ್ಸ್‌ಚೇಂಜಿಗೆ ಅವನ ಕಾಲ್ ಬಂತು. "ಹುಬ್ಬಳ್ಳಿ... ಅರ್ಜೆಂಟ್," ಎಂದ. ಮೂರು ನಿಮಿಷದಲ್ಲಿ ಲೈನ್ ಸಿಕ್ಕಿತು. ಆ ದಿನ ಹೆಡ್‌ಫೋನ್ ತೆಗೆದಿಟ್ಟು ಬಚ್ಚಲಿಗೆ ಹೋಗಿ ನಾನು ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ?

ಅದೇ ವಾರ ಮಾವ ರಜೆಗೆ ಬಂದ. ಅವ್ವಿ ಕಣ್ಣೊರೆಸಿಕೊಂಡು ನಡೆದುದನ್ನು ಹೇಳಿದಳು. ಸಮಾಧಾನದ ಮಾತಾಡುವ ಜಾಯಮಾನ ಅವನದಲ್ಲ. ಸುರುಳಿಗಳನ್ನು ಹಾಗೇ ಬಿಟ್ಟು ಎದ್ದು ನಿಂತ. ಮುಖ ಕೆಂಪಾಗಿತ್ತು. ನೇರ ದೊಡ್ಡಪ್ಪನ ಮುಂದೆ ಹೋದ.

"ಭಾವ, ಹೆಸ್ರು ನೋಡಿ ಜೋಡ್ಸಿದ್ರಾ? ಬರೀ ಹೆಸ್ರು ನೋಡಿ?"

"ಮತ್ತೆಂತ ನೋಡ್ಬೇಕಿತ್ತು?"

"ಒಳಗೆ ಎಂತ ಅದೆ ನೋಡ್ಬೇಕಿತ್ತು! ನಮ್ಮ ಆಫೀಸಲ್ಲಿ ಹೀಂಗ್ ಮಾಡಿದ್ರೆ ಸಮುದ್ರಕ್ಕೆ ನೂಕ್ತಿದ್ರು!"

"ಇದು ಮನುಷ್ಯರ ಸಂಬಂಧ ಮಾರಾಯಾ. ನಿನ್ನ ಕಲ್ಲಿನ ಲೆಕ್ಕ ಇಲ್ಲಿ ನಡೆಯೂದಿಲ್ಲ."

"ಕಲ್ಲಿಗೇ ಇಷ್ಟು ತಪಾಸಣೆ ಮಾಡ್ತೆ. ಮನುಷ್ಯರಿಗೆ ಅಷ್ಟೂ ಬ್ಯಾಡ್ವ? ನಾಳೆ ನೀವೇ ಬನ್ನಿ ನನ್ ಸಂಗ್ತಿಗೆ. ಒಂದೇ ಪದರ ಅಂತಾದ್ರೆ ನಾ ಇನ್ಮೇಲೆ ಯಾವ ಬಾವಿಗೂ ಇಣ್ಕೂದಿಲ್ಲ."

ದೊಡ್ಡಪ್ಪ ಒಪ್ಪಿದರು. ಮಾವ ಬಾವಿ ಬಿಟ್ಟಾನೆಂಬ ಆಸೆಯೂ ಇದ್ದಿರಬೇಕು.

ಮುಂದಿನದನ್ನು ನಾನು ನೋಡಿದವಳಲ್ಲ. ದೊಡ್ಡಪ್ಪ ಹೇಳಿದ್ದನ್ನೂ, ಆಮೇಲೆ ಆ ಮನೆಯವರು ಹೇಳಿದ್ದನ್ನೂ ಮಾವನ ಪದ್ಧತಿಯಂತೆ ಪಕ್ಕಪಕ್ಕ ಇಟ್ಟು ಹೊಂದಿಸಿ ನೋಡಿದ್ದೇನೆ. ಎರಡೂ ಒಂದೇ.

ಕಾರವಾರದಲ್ಲಿ ಇಳಿದವನೇ ಮಾವ, ಬರಿಗೈಯಲ್ಲಿ ಹೋಗಬಾರದೆಂದು ಬೈತಖೋಲಕ್ಕೆ ನಡೆದು ಒಂದು ಚೀಲ ಜೀವಂತ ಏಡಿ ಕೊಂಡ. ಅವನಿಗೆ ಏಡಿಯೆಂದರೆ ಪ್ರಾಣ. ಅಲ್ಲೇ ಸಾರು ಮಾಡಿ ಬಡಿಸಿಯಾರೆಂಬ ದುರಾಸೆ. ಕಂಕುಳಲ್ಲಿ ಕಾಗದದ ಸುರುಳಿ, ಕೈಯಲ್ಲಿ ಚೀಲ ಹಿಡಿದು, ದೊಡ್ಡಪ್ಪನನ್ನು ಎಳೆದುಕೊಂಡು ಸೇತುವೆ ದಾಟಿ ಚಿತ್ತಾಕುಲದ ಮನೆ ಮುಟ್ಟಿದ. ಜಗಲಿಯಲ್ಲಿ ಕೂರುತ್ತಲೇ ಕೇಳಿದ ಮೊದಲ ಪ್ರಶ್ನೆ:

"ನಿಮ್ಮನೇಲಿ ಎಲ್ಲಕ್ಕಿಂತ ಕೆಳಗಿನ ಪದರ ಯಾರು?"

ಮನೆಯವರು ಮುಖ ಮುಖ ನೋಡಿಕೊಂಡರು. ದೊಡ್ಡಪ್ಪ ನಾಚಿಕೆಯಿಂದ, "ಹಿರೇರು ಯಾರು ಅಂತ ಕೇಳೂದು ಅವ," ಎಂದು ತರ್ಜುಮೆ ಮಾಡಿದರು. ಒಳಗೆ ಅಕ್ಕಿ ಆರಿಸುತ್ತಿದ್ದ ಹುಡುಗನ ಅಜ್ಜಿಯನ್ನು ಕರೆತಂದು ಕೂರಿಸಿದರು. ಎಲ್ಲರೂ ಅವಳನ್ನು ಆಜಿ ಎನ್ನುತ್ತಿದ್ದರು.

ಮಾವ ಸುರುಳಿ ಬಿಚ್ಚಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಚೀಲದ ಬಾಯಿ ಬಿಚ್ಚಿತು! ಒಂದು ದೊಡ್ಡ ಏಡಿ ಕೊಂಬು ಎತ್ತಿಕೊಂಡು ಕಾಗದದ ಮೇಲೆ ಅಡ್ಡಡ್ಡ ನಡೆಯಿತು. ಹಿಂದೆಯೇ ಉಳಿದವು. ಮನೆಯವರೆಲ್ಲ ಕಾಲು ಮೇಲೆತ್ತಿದರು. ಯಾರೂ ಹಿಡಿಯಲು ಬರಲಿಲ್ಲ. ಮೀನಿನೂರಿನ ಜನ, ಏಡಿ ಕಂಡು ಗೋಡೆಗೆ ಅಂಟಿ ಕೂತಿದ್ದಾರೆ! ಆಜಿ ಮಾತ್ರ ಸೆರಗು ಹೊದ್ದು ಎದ್ದವಳು ಏಡಿಗೆ ಕೈ ಮುಗಿದಳು. "ತಪ್ಪಾಯ್ತು ದೇವಾ. ಅರಿಯದವ್ರು ತಂದದ್ದು."

ಮಾವ ನೆಲಕ್ಕೆ ಗದ್ದ ಊರಿ ಮಲಗಿಬಿಟ್ಟ. ಒಮ್ಮೆ ಏಡಿಯನ್ನು, ಒಮ್ಮೆ ಆಜಿಯನ್ನು ನೋಡಿದ.

"ನೀವ್ಯಾರೂ ಏಡಿ ತಿನ್ನೂದಿಲ್ವಾ?"

"ನಮ್ಗೆ ಅದು ಆಗೂದಿಲ್ಲ," ಎಂದರು ಹುಡುಗನ ಅಪ್ಪ. "ತಿಂದ್ರೆ ಮೈಯೆಲ್ಲ ತುರ್ಸ್ತದೆ."

"ಯಾವಾಗ ತಿಂದಿದ್ರಿ?"

"ತಿಂದೇ ಇಲ್ಲ."

"ಮತ್ತೆ ತುರ್ಸಿದ್ದು ಯಾವಾಗ?"

ಅವರು ತಲೆ ಕೆರೆದುಕೊಂಡರು. ಆಜಿಗೆ ನಗು ಬಂತು. "ತುರಿಕೆಯೂ ಇಲ್ಲ, ಮಣ್ಣೂ ಇಲ್ಲ. ಅದು ನಮ್ಮ ಮೂಲದ್ದು. ನಮ್ಮ ಅತ್ತೆ ಏಡಿ ಬಿಲದ ಮೇಲೆ ಕಾಲೂ ಇಡ್ತಿರ್ಲಿಲ್ಲ. ನಮ್ದು ಏಡಿ ಬಳಿ ಅಲ್ದಾ?"

"ಆಯೀ!" ಮಗ ಕೂಗಿಯೇಬಿಟ್ಟರು. "ಮತ್ತೆ ಕಡವೆ ಬಳಿ ಅಂತ ಹೇಳೂದು?"

"ಅದು ಮನೆ ಇದ್ದ ಜಾಗ ಅಲ್ವನೋ! ನಿನ್ನ ಅಜ್ಜ ಕಡವಿನಲ್ಲಿ ಪಡಾವು ಬಿಡ್ತಿದ್ದ. ಕನ್ನಡ ಅವಂಗೆ ಅಷ್ಟಕ್ಕಷ್ಟೆ. ಆಚೆ ದಡದವ್ರು ಯಾವ ಬಳಿ ಅಂತ ಕೇಳಿದ್ರೆ, ಕಡವಿನ ಬಳಿ ಅಂತಿದ್ದ."

ಓದುಗರೇ, ಅರ್ಥವಾಯಿತೇ? ಹೊಳೆ ದಾಟುವ ಜಾಗಕ್ಕೆ ಹಳಬರು ಕಡವು ಎನ್ನುತ್ತಿದ್ದರು. ಆ ಪುಣ್ಯಾತ್ಮನನ್ನು ಜನ ಕೇಳಿದ್ದು ಕುಲ. ಅವನು ಹೇಳಿದ್ದು ವಿಳಾಸ! ದೋಣಿ ಕಟ್ಟುವ ಜಾಗದ ಹತ್ತಿರ ನನ್ನ ಮನೆ ಎಂದ. ಕಡವಿನ ಬಳಿ ಕೇಳಿದವರ ಕಿವಿಯಲ್ಲಿ ಕಡವೆ ಬಳಿಯಾಯಿತು, ಮಕ್ಕಳು ಮೊಮ್ಮಕ್ಕಳು ಅದನ್ನೇ ಹೇಳಿಕೊಂಡು ಬಂದರು. ಹೊಳೆಗೆ ಸೇತುವೆಯಾದ ಮೇಲಂತೂ ಕಡವೂ ಇಲ್ಲ, ಆ ಮಾತೂ ಇಲ್ಲ. ಅಂಬಿಗನೊಬ್ಬನ ಅರೆಬರೆ ಕನ್ನಡಕ್ಕೆ ಸಿಕ್ಕಿ ನಾನು ಎಕ್ಸ್‌ಚೇಂಜಿನ ಬಚ್ಚಲಲ್ಲಿ ಅಳುತ್ತಿದ್ದೆ.

"ಇಷ್ಟ್ ವರ್ಷ ಎಂತಕೆ ಹೇಳಿಲ್ಲ ಆಯೀ?" ಎಂದರು ಮಗ.

"ಯಾರು ಕೇಳಿದ್ರಿ?" ಎಂದಳು ಆಜಿ.

ದೊಡ್ಡಪ್ಪ ಅಷ್ಟು ಸುಲಭಕ್ಕೆ ಜಾರುವವರಲ್ಲ. ಕೊನೆಯ ಕೊಕ್ಕೆ ಹಾಕಿದರು. "ಅದೆಲ್ಲ ಸರಿ. ಆದ್ರೆ ಕಡವೆಯನ್ನೂ ನೀವು ತಿನ್ನೂದಿಲ್ಲ ಅಲ್ದಾ?"

"ಇಲ್ಲಿ ಎಲ್ಲಿ ಸಿಗ್ಬೇಕು?" ಎಂದಳು ಆಜಿ. "ನಮ್ಮ ಮನೆಯವ್ರು ಮಾತ್ರ ಒಂದ್ಸಲ ಘಟ್ಟದ ಮೇಲೆ ಮರದ ಕೆಲ್ಸಕ್ಕೆ ಹೋದಾಗ ತಿಂದಿದ್ರು. ಬಾಳ ರುಚಿ ಅಂತ ಸಾಯೂವರೆಗೂ ಹೇಳ್ತಿದ್ರು."

ದೊಡ್ಡಪ್ಪ ಎದ್ದು ನಿಂತರು. ನಮ್ಮ ಮೂಲದೇವರನ್ನು ಬೇಯಿಸಿ ತಿಂದು ರುಚಿ ಹೇಳಿದವರ ಮನೆ! ಇನ್ನೊಂದು ದಿನವಾಗಿದ್ದರೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಆ ದಿನ ಅವರ ಮುಖ ಅರಳಿತು.

"ತಿಂದ್ರಾ? ಕಡವೆ ತಿಂದ್ರಾ? ಖರೇನಾ? ಹಾಗಾದ್ರೆ ನೀವು ನಮ್ಗೆ ಏನೂ ಆಗೂದಿಲ್ಲ! ದೇವ್ರ ದಯೆ, ನೀವು ನಮ್ಮವ್ರೇ ಅಲ್ಲ!"

ಹೀಗೆಂದು ಹುಡುಗನ ಅಪ್ಪನನ್ನು ಗಟ್ಟಿಯಾಗಿ ತಬ್ಬಿಕೊಂಡರು. ಅವರೂ, "ಹೌದೌದು, ಸಂಬಂಧವೇ ಇಲ್ಲ, ಚೂರೂ ಇಲ್ಲ!" ಎಂದು ಬೆನ್ನು ತಟ್ಟಿದರು. ಸಂಬಂಧ ಇಲ್ಲವೆಂದು ಇಷ್ಟು ಸಂತೋಷಪಟ್ಟ ಬೀಗರನ್ನು ನೀವೆಲ್ಲಾದರೂ ಕಂಡಿದ್ದೀರಾ? ಮಾವ ಮಾತ್ರ ಜಗಲಿಯಲ್ಲಿ ಮೊಣಕಾಲೂರಿ ತಪ್ಪಿಸಿಕೊಂಡ ಏಡಿಗಳನ್ನು ಚೀಲಕ್ಕೆ ತುಂಬುತ್ತ, "ಚಿಪ್ಪು ನೋಡ್ಬೇಕು ಅಂತ ಮೊದ್ಲೇ ಹೇಳಿದ್ದೆ," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದನಂತೆ.

ಸಂಜೆ ಅವನು ನಮ್ಮ ಬೇಲಿಯ ದಣಪೆ ದಾಟುವಾಗಲೇ, "ಅಕ್ಕಾ, ಬೇರೆ ಬೇರೆ ಪದರ! ಬೇರೆ ಬೇರೆ!" ಎಂದು ಕೂಗಿದ್ದು ನಾಲ್ಕು ಮನೆಗೆ ಕೇಳಿಸಿತು. ಅವ್ವಿಗೆ ಏನೂ ತಿಳಿಯಲಿಲ್ಲ. ದೊಡ್ಡಪ್ಪ ಹಿಂದಿನಿಂದ ಬಂದು, "ಅವ್ರು ಕಡವೆ ತಿಂದವ್ರು! ಲಗ್ನ ನಿಶ್ಚಯ ಮಾಡೂಕೆ ಅಡ್ಡಿಲ್ಲ!" ಎಂದಾಗ ಇನ್ನಷ್ಟು ತಿಳಿಯಲಿಲ್ಲ. ತಿಳಿದ ಮೇಲೆ ಅವಳು ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಸವರಿ ನೆಟಿಕೆ ಮುರಿದಳು. ಚಿತ್ತಾಕುಲದಲ್ಲಿ ಕೈ ಮುಗಿಸಿಕೊಂಡು ಬಂದ ಆ ಏಡಿಗಳು ರಾತ್ರಿ ನಮ್ಮ ಮನೆಯಲ್ಲಿ ಸಾರಾದವು. ನಾನು ಹೊಟ್ಟೆ ತುಂಬ ತಿಂದೆ. ಮುಂದೆ ಸಿಗುವುದಿಲ್ಲವೆಂದು ಗೊತ್ತಿತ್ತಲ್ಲ!

ಮರುದಿನ ಎಕ್ಸ್‌ಚೇಂಜಿಗೆ ಕಾಲ್ ಬಂತು. "ಹುಬ್ಬಳ್ಳಿಗೆ ಒಂದು ಟ್ರಂಕ್ ಕಾಲ್. ಆರ್ಡಿನರಿ. ಎಷ್ಟು ತಡ ಆದ್ರೂ ಅಡ್ಡಿಲ್ಲ."

ಲಗ್ನದ ದಿನ ಮಾವ ಹೊಸ ಪಂಚೆ ಉಟ್ಟು ರಾಜನ ಹಾಗೆ ಓಡಾಡಿದ. ಎರಡೂ ಕಡೆಯ ನೆಂಟರು ಅವನನ್ನು ಸುತ್ತುವರಿದು ಏಡಿಯ ಕಥೆ ಹೇಳಿಸಿದರು. ಅವನೂ ಪ್ರತಿಯೊಬ್ಬರಿಗೂ, ಅವರು ಯಾರೆಂದು ತಿಳಿಯದೆಯೇ, ಮೊದಲಿನಿಂದ ಹೇಳಿದ. ಮುಹೂರ್ತ ಬಂತು. ಮದುಮಗಳನ್ನು ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರ ಮಾವನ ಹಕ್ಕು. ವಾದ್ಯ ಜೋರಾಗಿ ನುಡಿಯುತ್ತಿತ್ತು. ಅವನು ನನ್ನ ಕೈ ಹಿಡಿದು ನಾಲ್ಕು ಹೆಜ್ಜೆ ನಡೆದವನು ನಡು ಚಪ್ಪರದಲ್ಲಿ ಗಕ್ಕನೆ ನಿಂತುಬಿಟ್ಟ. ಮುಖ ಬಿಳಿಚಿತ್ತು. ಏನೋ ಮರೆತನೆಂದುಕೊಂಡೆ. ಮರೆತದ್ದು ಹೌದು.

ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ: "ಮಗಾ, ನಿಂಗೆ ಅವ ಇಷ್ಟ ಹೌದಾ? ಅದೊಂದು ಕೇಳೂಕೇ ಮರ್ತೆ ನಾನು."

ನಾನು ತಲೆ ಎತ್ತಿ ನೋಡಿದೆ.

"ಅಲ್ಲ ಅಂದ್ರೆ ಈಗ್ಲೇ ಹೇಳು. ಹೆದ್ರಬ್ಯಾಡ. ನಾ ಹೇಳಿದ್ದು ತಪ್ಪು, ಪದರ ಒಂದೇ ಅಂತ ಎಲ್ಲರ ಮುಂದೆ ಹೇಳಿ ನಿಲ್ಸ್ತೆ."

ಅಪ್ಪ, ಅವ್ವಿ, ದೊಡ್ಡಪ್ಪ, ಅವರ ಕಡೆಯ ಹಿರಿಯರು... ಎಷ್ಟು ದಿನ, ಎಷ್ಟು ಮಾತು! ಕಡವೆಯನ್ನು ವಿಚಾರಿಸಿದರು, ಏಡಿಯನ್ನು ವಿಚಾರಿಸಿದರು, ಸತ್ತ ಅಂಬಿಗನನ್ನೂ ವಿಚಾರಿಸಿದರು. ಈ ಮಾತನ್ನು ನನ್ನ ಹತ್ತಿರ ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದವನು, ತನ್ನ ಬಾಳಿನಲ್ಲೇ ದೊಡ್ಡದಾದ ಗೆಲುವನ್ನು ನನ್ನ ಒಂದು ಮಾತಿಗೆ ಎಲ್ಲರೆದುರು ಸುಳ್ಳು ಮಾಡಲು ತಯಾರಾಗಿ ನಿಂತಿದ್ದ. ನನಗೆ ಮೊದಲು ನಗು ಬಂತು, ಆಮೇಲೆ ಕಣ್ಣು ತುಂಬಿ ಮಂಟಪವೇ ಕಾಣದಾಯಿತು.

"ಇಷ್ಟ ಮಾವ," ಎಂದೆ. "ಬಾಳ ಇಷ್ಟ."

ಅವನು ದೊಡ್ಡದೊಂದು ಉಸಿರು ಬಿಟ್ಟು, ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ನಡೆದ.